ಸಿಳ್ಳೆ ಗಿಲ್ಬರ್ಟನ ಕಾವಲಿ

ಕಡಲ ದಡದ ನಮ್ಮ ಊರು ಸ್ಕಾರ್ನೆಸ್‌ನಲ್ಲಿ ಅರ್ಧ ಜನರ ಮನೆತನದ ಹೆಸರು ಕೌವಿ. ಉಳಿದರ್ಧ ಊರು ಕೌವಿಗಳಿಗೆ ಹೆಣ್ಣು ಕೊಟ್ಟು ಹೆಣ್ಣು ತಂದದ್ದು. ಹಾಗಾಗಿ ಇಲ್ಲಿ ಯಾರನ್ನೂ ಮನೆತನದ ಹೆಸರಿನಿಂದ ಗುರುತಿಸುವ ಹಾಗಿಲ್ಲ. ಪ್ರತಿ ಮನೆಗೂ ಒಂದು ಅಡ್ಡಹೆಸರು ಇರುತ್ತದೆ. ಗಿಲ್ಬರ್ಟ್ ಕೌವಿ ಸಿಳ್ಳೆ ಮನೆಯವನು. ಅವನ ಮುತ್ತಜ್ಜ ಒಂದು ದಿನ ದೋಣಿಯ ಮೇಲೆ ಮೈಮರೆತು ಸಿಳ್ಳೆ ಹಾಕಿದನಂತೆ. ದೋಣಿಯ ಮೇಲೆ ಸಿಳ್ಳೆ ಹಾಕಿದರೆ ಗಾಳಿಯನ್ನು ಕೂಗಿ ಕರೆದ ಹಾಗೆ. ಗಾಳಿ ಬಂತು, ಬಲೆಗಳನ್ನು ತೆಗೆದುಕೊಂಡು ಹೋಯಿತು, ಹೆಸರನ್ನು ಬಿಟ್ಟು ಹೋಯಿತು.

ಊರಿನ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆದ ಮೇಲೂ ಗಿಲ್ಬರ್ಟ್ ಕೊರಳಿಗೆ ಸಿಳ್ಳೆ ಕಟ್ಟಿಕೊಳ್ಳಲಿಲ್ಲ. ಅಭ್ಯಾಸದ ಸಂಜೆಗಳಲ್ಲಿ ಅವನ ಕೈಯಲ್ಲಿ ಇರುತ್ತಿದ್ದುದು ತಾಯಿ ಬೆಥಿಯಾಳ ಹಳೆಯ ಕಬ್ಬಿಣದ ಕಾವಲಿ ಮತ್ತು ಒಂದು ಮರದ ಸೌಟು. ಒಂದು ಸಲ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಓಡಬೇಕು. ಬೇರೆ ಊರಿನವರು ನಗುತ್ತಿದ್ದರು. ನಮ್ಮ ಹುಡುಗರಿಗೆ ಆ ಸದ್ದು ಕೇಳಿದರೆ ಹಸಿವಾಗುತ್ತಿತ್ತು, ಅಷ್ಟೆ. ಎಲ್ಲರ ಮನೆಯಲ್ಲೂ ಅಂಥದ್ದೇ ಕಾವಲಿಯ ಮೇಲೆ ಓಟ್ಸ್ ರೊಟ್ಟಿ ಬೇಯುತ್ತಿತ್ತು.

ಗಿಲ್ಬರ್ಟನ ಅಪ್ಪನಿಗೆ ಸ್ವಂತ ದೋಣಿ ಇತ್ತು. ಮಗ ದೊಡ್ಡವನಾಗಿ ಅದರ ಯಜಮಾನ ಆಗಬೇಕು ಎಂಬುದು ಆ ಮನೆಯಲ್ಲಿ ಯಾರೂ ಮಾತಾಡದೆ ತೀರ್ಮಾನವಾಗಿದ್ದ ವಿಷಯ. ಆದರೆ ಗಿಲ್ಬರ್ಟನಿಗೆ ಕಡಲು ಆಗಿಬರಲಿಲ್ಲ. ಬಂದರಿನ ತಡೆಗೋಡೆ ದಾಟುವ ಮೊದಲೇ ಅವನು ದೋಣಿಯ ಅಂಚಿಗೆ ಬಾಗಿ ನಿಲ್ಲುತ್ತಿದ್ದ. ಒಂದು ಇಡೀ ಬೇಸಿಗೆ ಅಪ್ಪ ಪ್ರಯತ್ನಿಸಿದ. ಕೊನೆಗೆ ಒಂದು ಬೆಳಿಗ್ಗೆ ಮಗನನ್ನು ದಡದಲ್ಲೇ ಬಿಟ್ಟು, "ಹೋಗು, ಆ ಚೆಂಡನ್ನಾದ್ರೂ ಒದಿ," ಎಂದು ಹೇಳಿ ಹೊರಟುಹೋದ. ಸಿಟ್ಟಿನಲ್ಲಿ ಹೇಳಿದ್ದಲ್ಲ, ದಣಿದು ಹೇಳಿದ್ದು. ಮಗ ಅದನ್ನು ಅಪ್ಪಣೆ ಎಂದೇ ತೆಗೆದುಕೊಂಡ.

ಇಳಿತದ ಹೊತ್ತಿನಲ್ಲಿ ನಮ್ಮ ಮರಳು ಗಟ್ಟಿಯಾಗಿ, ಅಗಲವಾಗಿ, ಕನ್ನಡಿಯ ಹಾಗೆ ಹೊಳೆಯುತ್ತ ಬಿದ್ದಿರುತ್ತದೆ. ಗಿಲ್ಬರ್ಟ್ ಆಟ ಕಲಿತದ್ದು ಅಲ್ಲಿ. ಎಡಗಾಲಿನವನು. ಗಾಳಿಗೆ ಚೆಂಡನ್ನು ಒಪ್ಪಿಸಿ, ಗಾಳಿಯಿಂದಲೇ ಮರಳಿ ಪಡೆಯುವುದು ಅವನಿಗೆ ತಿಳಿದಿತ್ತು. ಗ್ಲಾಸ್ಗೋದ ಒಂದು ಕ್ಲಬ್ಬಿನವರು ಬಂದು ನೋಡಿ ಕರೆದುಕೊಂಡು ಹೋದಾಗ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಬೆಥಿಯಾ ಒಣಮೀನಿನ ಕಟ್ಟು ಕೊಟ್ಟಳು. ಕೋಟಿನ ಒಳಪದರದಲ್ಲಿ ಕುದುರೆ ಲಾಳದ ಒಂದು ಮೊಳೆಯನ್ನು ಇಟ್ಟು ಹೊಲಿದಳು.

ಮೊಳೆ ಯಾಕೆ ಎಂಬುದನ್ನು ಇಲ್ಲಿ ಹೇಳಬೇಕು. ಒಂದು ಮೀನಿದೆ. ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಅದೇ ಹೊಳೆಗೆ ಎದುರು ನೀರಿನಲ್ಲಿ ಹಾರುತ್ತ ಮರಳುವ ಮೀನು. ಮಾಂಸ ಗುಲಾಬಿ ಬಣ್ಣ. ಪಟ್ಟಣದ ಹೋಟೆಲುಗಳು ಅದರ ಹೆಸರನ್ನು ಹಲಗೆಯ ಮೇಲೆ ಬರೆದು ಬಾಗಿಲಿಗೆ ತೂಗುಹಾಕುತ್ತವೆ. ನಾವು ಅದನ್ನು ಕೆಂಪು ಮೀನು ಎನ್ನುತ್ತೇವೆ. ನಿಜವಾದ ಹೆಸರನ್ನು ಯಾರಾದರೂ ಆಡಿದರೆ, ಆಡಿದವರೂ ಕೇಳಿದವರೂ ಕೂಡಲೇ "ತಣ್ಣನೆ ಕಬ್ಬಿಣ" ಎಂದು ಹೇಳಿ ಕಬ್ಬಿಣ ಮುಟ್ಟಬೇಕು. ಯಾಕೆಂದು ಯಾರಿಗೂ ಗೊತ್ತಿಲ್ಲ. ಮುಟ್ಟದವರಿಗೆ ಏನಾಯಿತು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಈ ಬರಹದಲ್ಲೂ ಆ ಹೆಸರು ಬರುವುದಿಲ್ಲ. ಓದುವವರ ಕೈಗೆ ಕಬ್ಬಿಣ ಸಿಗುತ್ತದೋ ಇಲ್ಲವೋ.

ಗ್ಲಾಸ್ಗೋದಲ್ಲಿ ಗಿಲ್ಬರ್ಟ್ ಚೆನ್ನಾಗಿಯೇ ಆಡಿದ. ಅವನ ಚಿತ್ರ ಪತ್ರಿಕೆಯಲ್ಲಿ ಬಂದಾಗ ಊರಿನ ಮೀನು ಅಂಗಡಿಯವರು ಅದರಲ್ಲಿ ಮೀನು ಕಟ್ಟಿಕೊಡದೆ ತೆಗೆದಿಟ್ಟರು. ಆಮೇಲೆ ಕಪ್ ಪಂದ್ಯಾವಳಿಯ ಸೆಮಿಫೈನಲ್ ಬಂತು. ಸಮಬಲದಲ್ಲಿದ್ದ ಆಟ, ಕೊನೆಯ ಗಳಿಗೆಯ ಪೆನಾಲ್ಟಿ, ಒದೆಯಬೇಕಾದವನು ಗಿಲ್ಬರ್ಟ್. ಊರಿನವರೆಲ್ಲ ರೇಡಿಯೋದ ಸುತ್ತ ಕುಳಿತಿದ್ದರು. ಚೆಂಡು ಗೋಲಿನ ಮೇಲೆ ಹಾದು ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಹೆದರಿದ ಎಂದು ಪತ್ರಿಕೆಗಳು ಬರೆದವು. ಬೇಸಿಗೆಯಲ್ಲಿ ಅವನು ಮನೆಗೆ ಬಂದಾಗ ಬೆಥಿಯಾ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಏನಾಯ್ತೋ?"

"ಪಕ್ಕದಲ್ಲಿ ನಿಂತಿದ್ದ ಎದುರು ತಂಡದವನು ಆ ಮೀನಿನ ಹೆಸರು ಹೇಳ್ದ. ಮೆತ್ತಗೆ. ಅವ್ನೂ ನಮ್ಮ ಕಡಲ ಕಡೆಯವ್ನೇ, ಗೊತ್ತಿತ್ತು ಅವ್ನಿಗೆ."

"ಮೊಳೆ?"

"ಕೋಟಲ್ಲಿತ್ತು. ಕೋಟು ಒಳಗಿತ್ತು."

ಬೆಥಿಯಾ ಸೂಪಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಮರುದಿನದ ಹೊತ್ತಿಗೆ ಊರಿಗೆಲ್ಲ ವಿಷಯ ತಿಳಿದಿತ್ತು, ಮತ್ತು ಆ ಪೆನಾಲ್ಟಿಗಾಗಿ ಸ್ಕಾರ್ನೆಸ್‌ನಲ್ಲಿ ಯಾರೂ ಅವನನ್ನು ಎಂದೂ ದೂರಲಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಅವನು ಚಿಕ್ಕ ಕ್ಲಬ್ಬುಗಳಲ್ಲಿ ಕೆಲವು ವರ್ಷ ಆಡಿ, ಗ್ಲಾಸ್ಗೋದ ಹೆಂಡತಿ ರೋನಾಳನ್ನು ಕರೆದುಕೊಂಡು ಊರಿಗೆ ಮರಳಿದ. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ. ರೋನಾ ನಗುಮುಖದವಳು, ಗಟ್ಟಿ ದನಿಯವಳು. ಬಂದ ಮೊದಲ ವಾರ ಅಂಗಡಿಗೆ ಹೋಗಿ, ಕೆಂಪು ಮೀನಿನ ಎರಡು ಡಬ್ಬಿ ಕೊಡಿ ಎಂದು ನಿಜವಾದ ಹೆಸರಿನಲ್ಲೇ ಕೇಳಿದಳು. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಕಬ್ಬಿಣದ ತಕ್ಕಡಿಯ ಕಡೆ ನುಗ್ಗಿದರು. ಒಬ್ಬ ಮುದುಕನಿಗೆ ಕೈ ಎಟುಕದೆ, ಮುಂದಿದ್ದವನ ಬೆಲ್ಟಿನ ಕೊಂಡಿ ಹಿಡಿದುಕೊಂಡ.

"ಇದೆಲ್ಲ ನೀನೂ ನಂಬ್ತೀಯಾ?" ಎಂದು ರೋನಾ ಮನೆಗೆ ಬಂದು ಗಂಡನನ್ನು ಕೇಳಿದಳು.

"ನಂಬೋದು ಅಂತೇನಿಲ್ಲ."

"ಮತ್ತೆ ಮುಟ್ಟೋದು ಯಾಕೆ?"

"ನೀನು ರಾತ್ರಿ ಬಾಗಿಲಿಗೆ ಚಿಲಕ ಹಾಕ್ತೀಯಲ್ಲ, ಕಳ್ಳ ಬಂದೇ ಬರ್ತಾನೆ ಅಂತ ನಂಬಿ ಹಾಕ್ತೀಯಾ?"

ರೋನಾ ಆ ರಾತ್ರಿಯೂ ಚಿಲಕ ಹಾಕಿದಳು. ಆದರೆ ನಗುವುದನ್ನು ಬಿಡಲಿಲ್ಲ.

ಕ್ಲಬ್ಬಿನ ಅಧ್ಯಕ್ಷ ಲೂಯಿಸ್ ಬಂದು ತಂಡವನ್ನು ನೋಡಿಕೊಳ್ಳಲು ಕೇಳಿದಾಗ ಗಿಲ್ಬರ್ಟ್ ಒಪ್ಪಿಕೊಂಡ. ಲೂಯಿಸ್ ಊರಿನ ಅತಿ ದೊಡ್ಡ ದೋಣಿಯ ಯಜಮಾನ. ದೋಣಿಯಲ್ಲಿ ಮಾತಾಡುವ ಹಾಗೆಯೇ ದಡದಲ್ಲೂ ಮಾತಾಡುತ್ತಿದ್ದ, ಅಂದರೆ ಎದುರಿನವನು ಗಾಳಿಯ ಆಚೆ ನಿಂತಿದ್ದಾನೆ ಎಂಬಂತೆ. ನಮ್ಮ ಮೈದಾನ ಬಂದರಿನ ಗೋಡೆಗೆ ಅಂಟಿಕೊಂಡಿದೆ. ಚೆಂಡು ಗೋಡೆಯಾಚೆ ಬಿದ್ದರೆ ಸಣ್ಣ ದೋಣಿಯೊಂದು ಹೋಗಿ ತರುತ್ತದೆ. ಬೆಥಿಯಾಳ ಅಂಗಡಿ ಗೆರೆಯ ಪಕ್ಕದಲ್ಲೇ. ಹಿಟ್ಟಿನ ಚಿಪ್ಪಿನೊಳಗೆ ಬೆಂದ ಕುರಿಮಾಂಸದ ಪೈ, ಬಿಸಿ ಸಾರು. ಮಗ ಮ್ಯಾನೇಜರ್ ಆದ ಮೇಲೂ ಅವನಿಗೆ ಪೈ ಪುಕ್ಕಟೆ ಸಿಗುತ್ತಿರಲಿಲ್ಲ.

ಡ್ರಮ್‌ಬಾರ್ ನಮ್ಮ ಪಕ್ಕದ ಒಳನಾಡಿನ ಊರು. ದನ, ಬಾರ್ಲಿ, ಕೆಂಪು ಕೆನ್ನೆಯ ಜನ. ಅವರಿಗೆ ನಮ್ಮ ಕಬ್ಬಿಣದ ವಿಷಯ ಗೊತ್ತು. ಅವರಿಗೆ ಕಾರ್ನರ್ ಸಿಕ್ಕಿದಾಗಲೆಲ್ಲ ಅವರ ಪ್ರೇಕ್ಷಕರು ಆ ಮೀನಿನ ಹೆಸರನ್ನು ಒಕ್ಕೊರಲಿನಿಂದ ಕೂಗುತ್ತಿದ್ದರು. ಮೊದಲ ಸಲ ಕೂಗಿದಾಗ ನಮ್ಮ ತಂಡದವರೆಲ್ಲ ಓಡಿಹೋಗಿ ಗೋಲಿನ ಕಬ್ಬಿಣದ ಕಂಬಗಳನ್ನು ಹಿಡಿದುಕೊಂಡರು. ಗೋಲಿನ ಬಾಯಿಯಲ್ಲಿ ಇಷ್ಟೊಂದು ಜನ ನೆರೆದ ಮೇಲೆ ಚೆಂಡು ಒಳಗೆ ಹೋಗುವುದು ಹೇಗೆ? ಹಾಗಾಗಿ ಕೂಗಿದಷ್ಟೂ ಅವರಿಗೇ ನಷ್ಟ. ಆದರೂ ಅಭ್ಯಾಸಬಲದಿಂದ ಕೂಗುತ್ತಿದ್ದರು. ಬೇರೆ ಊರಿನ ಪತ್ರಿಕೆಯೊಂದು ಇದನ್ನು ಸ್ಕಾರ್ನೆಸ್ ಮ್ಯಾನೇಜರನ ಹೊಸ ರಕ್ಷಣಾ ತಂತ್ರ ಎಂದು ಹೊಗಳಿ ಬರೆಯಿತು. ಗಿಲ್ಬರ್ಟ್ ಇಲ್ಲವೆನ್ನಲಿಲ್ಲ.

ಅವನ ಮೂರನೆಯ ವರ್ಷ ತಂಡ ಕೆಟ್ಟಿತು. ಒಳ್ಳೆಯ ಆಟಗಾರರಲ್ಲಿ ಇಬ್ಬರು ದೂರದ ಕಡಲಿಗೆ ಹೋದರು, ಒಬ್ಬ ಮದುವೆಯಾಗಿ ಹೆಂಡತಿಯ ಊರು ಸೇರಿದ. ಕೊನೆಯ ಆಟ ಉಳಿದಾಗ ನಾವು ಪಟ್ಟಿಯ ತಳದಲ್ಲಿದ್ದೆವು. ಸೋತರೆ ಲೀಗಿನಿಂದ ಹೊರಗೆ, ಸಮಮಾಡಿಕೊಂಡರೂ ಉಳಿಯುತ್ತೇವೆ. ಎದುರಾಳಿ ಡ್ರಮ್‌ಬಾರ್.

"ನೋಡು ಸಿಳ್ಳೆ," ಎಂದ ಲೂಯಿಸ್, ಮಂಜುಗಡ್ಡೆ ಕಾರ್ಖಾನೆಯ ಬಾಗಿಲಲ್ಲಿ ನಿಂತು. "ನೀನು ನಮ್ಮವ್ನೇ. ಆದ್ರೆ ತಂಡ ಇಳಿದ್ರೆ ನೀನೂ ಇಳೀಬೇಕಾಗುತ್ತೆ."

"ಸರಿ."

"ಬೇಜಾರಾಯ್ತಾ?"

"ನೀನು ಕಿರುಚಿ ಹೇಳ್ದೆ ಲೂಯಿಸಣ್ಣ. ಊರಿಗೆಲ್ಲ ಬೇಜಾರಾಯ್ತು."

ರೋನಾಳ ಅಣ್ಣ ಗ್ಲಾಸ್ಗೋದ ಒಂದು ಗೋದಾಮಿನಲ್ಲಿ ಅವನಿಗಾಗಿ ಕೆಲಸ ನೋಡಿಟ್ಟಿದ್ದ. ಇಲ್ಲಿ ಮ್ಯಾನೇಜರಿಕೆ ಹೋದರೆ ಅಲ್ಲಿಗೆ ಹೋಗುವುದೆಂದು ಗಂಡ ಹೆಂಡಿರ ನಡುವೆ ಮಾತಾಗಿತ್ತು. ಅವಳು ಒತ್ತಾಯಿಸಲಿಲ್ಲ. ಅವನೂ ಬೇಡವೆನ್ನಲಿಲ್ಲ. ಆದರೆ ಆ ವಾರ ಅವನು ಪ್ರತಿ ಸಂಜೆ ಇಳಿತದ ಮರಳಿನ ಮೇಲೆ ಒಬ್ಬನೇ ನಡೆಯುತ್ತಿದ್ದುದನ್ನು ಎಲ್ಲರೂ ನೋಡಿದರು. ಕಡಲು ಹತ್ತಲಾಗದವನು ಕಡಲ ದಡವನ್ನು ಅಷ್ಟು ಹಚ್ಚಿಕೊಂಡಿದ್ದ.

ಅದೇ ವಾರ ಹೊಸ ಗೋಲುಕಂಬಗಳು ಬಂದವು. ಹಳೆಯವು ಉಪ್ಪುಗಾಳಿಗೆ ತುಕ್ಕು ಹಿಡಿದು ಬೀಳುವಂತಾಗಿದ್ದವು. ಬದಲಾಯಿಸದಿದ್ದರೆ ಆಟವೇ ಇಲ್ಲ ಎಂದು ಲೀಗಿನವರು ಎಚ್ಚರಿಸಿದ್ದರು. ಹೊಸ ಕಂಬಗಳು ಬೆಳ್ಳಗೆ, ನುಣ್ಣಗೆ ಇದ್ದವು. ಗಿಲ್ಬರ್ಟ್ ಒಂದನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಮೈದಾನ ದಾಟಿದ.

"ನೋಡ್ರೋ, ಎಷ್ಟು ಹಗುರ," ಎಂದ.

ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಎತ್ತಿ ನೋಡಿದರು. ಹೌದು, ಬಹಳ ಹಗುರ ಎಂದು ಸಂತೋಷಪಟ್ಟರು. ಯಾಕೆ ಹಗುರ ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಶನಿವಾರ ಆಕಾಶ ತಿಳಿಯಾಗಿತ್ತು. ದೋಣಿಗಳೆಲ್ಲ ಬಂದರಿನಲ್ಲೇ ನಿಂತಿದ್ದವು. ಡ್ರಮ್‌ಬಾರಿನವರು ಮೂರು ಬಸ್ಸು ತುಂಬಿ ಬಂದು, ಬೆಥಿಯಾಳ ಪೈ ತಿಂದು, ಉಪ್ಪು ಹೆಚ್ಚಾಯಿತು ಎಂದು ಹೇಳಿ, ಇನ್ನೊಂದು ಕೊಂಡರು. ಮೊದಲರ್ಧದಲ್ಲಿ ಗಾಳಿ ನಮ್ಮ ಕಡೆಗಿತ್ತು. ಒಂದು ಗೋಲು ಹೊಡೆದೆವು. ಗಿಲ್ಬರ್ಟ್ ಎಂದಿನಂತೆ ಗೆರೆಯ ಪಕ್ಕದಲ್ಲಿ ಆಚೆಯಿಂದ ಈಚೆಗೆ ಓಡುತ್ತ, ಎರಡೂ ಕೈಗಳನ್ನು ಬೀಸುತ್ತಿದ್ದ. ಅವನು ಕೈ ಬೀಸುವುದನ್ನು ನೋಡಿದರೆ ಹಡಗಿಗೆ ದಾರಿ ತೋರಿಸುತ್ತಿದ್ದಾನೆ ಅನ್ನಿಸುತ್ತಿತ್ತು.

ದ್ವಿತೀಯಾರ್ಧದ ನಡುವೆ ಡ್ರಮ್‌ಬಾರಿಗೆ ಕಾರ್ನರ್ ಸಿಕ್ಕಿತು. ಅವರ ಕಡೆಯಿಂದ ಆ ಹೆಸರು ಎದ್ದು ಬಂತು. ನಮ್ಮವರು ಎಂದಿನಂತೆ ಕಂಬಗಳಿಗೆ ಓಡಿದರು. ಗೋಲ್‌ಕೀಪರ್ ಮ್ಯಾಗ್ನಸ್ ಮೊದಲು ಮುಟ್ಟಿದ. ಅವನು ದೋಣಿ ರಿಪೇರಿಯ ಕೊಟ್ಟಿಗೆಯಲ್ಲಿ ಬೆಸುಗೆ ಹಾಕುವವನು. ಲೋಹ ಯಾವುದೆಂದು ಅವನ ಅಂಗೈಗೆ ಗೊತ್ತು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಇದು ಕಬ್ಬಿಣ ಅಲ್ಲ ಕಣ್ರೋ. ಅಲ್ಯೂಮಿನಿಯಂ."

ಗೋಲಿನ ಹಿಂದೆ, ಗೋಡೆಯ ಬುಡದಲ್ಲಿ, ಹುಲ್ಲುನೆಲ ಸಮಮಾಡುವ ಹಳೆಯ ಕಬ್ಬಿಣದ ರೋಲರ್ ಬಿದ್ದಿತ್ತು. ಮ್ಯಾಗ್ನಸ್ ಅತ್ತ ಓಡಿದ. ಅವನ ಹಿಂದೆ ಇಡೀ ತಂಡ ಓಡಿತು. ಎಲ್ಲರೂ ರೋಲರಿನ ಮೇಲೆ ಕೈಯಿಟ್ಟು, "ತಣ್ಣನೆ ಕಬ್ಬಿಣ" ಎನ್ನುತ್ತಿದ್ದಾಗ, ಡ್ರಮ್‌ಬಾರಿನವನೊಬ್ಬ ಖಾಲಿ ಗೋಲಿನೊಳಗೆ ಚೆಂಡನ್ನು ನಡೆದುಕೊಂಡೇ ತಳ್ಳಿದ. ಪಟ್ಟಣದಿಂದ ಬಂದಿದ್ದ ರೆಫರಿ ಸ್ವಲ್ಪ ಹೊತ್ತು ಸಿಳ್ಳೆಯನ್ನು ಬಾಯಲ್ಲಿಟ್ಟುಕೊಂಡೇ ನಿಂತ. ಆಮೇಲೆ ಊದಿದ. ಒಂದಕ್ಕೊಂದು ಸಮ.

ಇನ್ನೂ ಕಾಲು ಗಂಟೆ ಆಟವಿತ್ತು. ಡ್ರಮ್‌ಬಾರಿನವರಿಗೆ ಈಗ ಗುಟ್ಟು ತಿಳಿದಿತ್ತು. ಇನ್ನೊಂದು ಸಲ ಹಾಗಾದರೆ ತಂಡವೂ ಹೋಯಿತು, ಗಿಲ್ಬರ್ಟನೂ ಹೋದ. ಅದೃಷ್ಟಕ್ಕೆ, ಆಟ ಮತ್ತೆ ಶುರುವಾದ ಕೂಡಲೇ ಯಾರೋ ಒದ್ದ ಚೆಂಡು ಗೋಡೆಯಾಚೆ ನೀರಿಗೆ ಬಿತ್ತು. ಸಣ್ಣ ದೋಣಿ ಹೊರಟಿತು. ಮ್ಯಾಗ್ನಸ್ ಓಡಿ ಬಂದ.

"ಗಿಲ್ಬರ್ಟಣ್ಣ, ಏನ್ ಮಾಡೋದು? ಅವ್ರು ಕೂಗೇ ಕೂಗ್ತಾರೆ. ನಮ್ ಕೈಲಿ ಸುಮ್ನೆ ನಿಲ್ಲಕ್ಕಾಗಲ್ಲ."

ಹೆದರಬೇಡಿ, ಅದೆಲ್ಲ ಏನೂ ಇಲ್ಲ ಎಂದು ಗಿಲ್ಬರ್ಟ್ ಹೇಳಬಹುದಿತ್ತು. ಗ್ಲಾಸ್ಗೋದ ಮ್ಯಾನೇಜರುಗಳು ಅದನ್ನೇ ಹೇಳುತ್ತಿದ್ದರು. ಅವನು ಪೈ ಅಂಗಡಿಯ ಕಡೆ ತಿರುಗಿದ.

"ಅಮ್ಮ, ಅಪ್ಪನ ದೋಣೀಲಿ ಎಲ್ರ ಕೈಲೂ ಹಗ್ಗ ಇದ್ದಾಗ ಯಾರಾದ್ರೂ ಹೆಸರು ಹೇಳಿದ್ರೆ?"

ಬೆಥಿಯಾ ಗಿರಾಕಿಯೊಬ್ಬನ ಕೈಗೆ ಸಾರಿನ ಲೋಟ ಕೊಟ್ಟು, ಕೈ ಒರೆಸಿಕೊಂಡಳು. ಅವಳಿಗೆ ಅವಸರ ಅನ್ನುವುದೇ ಇಲ್ಲ.

"ಒಂದ್ಸಲ ಆಗಿತ್ತು. ಬಿರುಗಾಳಿ. ಕೈ ಬಿಟ್ರೆ ಬಲೆ ಹೋಗುತ್ತೆ. ನಿಮ್ಮಪ್ಪ ಒಬ್ನೇ ಕಬ್ಬಿಣ ಹಿಡ್ಕೊಂಡು, ಎಲ್ರುದ್ದೂ ಸೇರಿ ಅಂದ. ಯಜಮಾನ ಹಿಡಿದ್ರೆ ದೋಣಿಗೆಲ್ಲ ಸಾಕು."

"ಅದು ಯಜಮಾನಂಗೆ, ಬೆಥಿಯಾ," ಎಂದ ಲೂಯಿಸ್ ಪಕ್ಕದಿಂದ. "ಇವ್ನು ದೋಣಿ ನೋಡಿದ್ರೇನೇ ವಾಂತಿ ಮಾಡ್ಕೋತಾನೆ."

"ಈ ಹುಡುಗ್ರು ಯಾರ ಮಾತು ಕೇಳ್ತಾರೆ ಲೂಯಿಸ್? ನಿನ್ನ ಮಾತಾ?"

ಲೂಯಿಸ್ ಮ್ಯಾಗ್ನಸ್‌ನ ಮುಖ ನೋಡಿದ. ಮ್ಯಾಗ್ನಸ್ ನೆಲ ನೋಡಿದ.

"ನನ್ನ ಮಾತಲ್ಲ," ಎಂದ ಲೂಯಿಸ್, ಅವನ ಮಟ್ಟಿಗೆ ಮೆತ್ತಗೆ.

"ಮತ್ತೆ ಇವನೇ ಯಜಮಾನ. ಹೋಗಿ ಕಾವಲಿ ತಗೊಂಡ್ ಬಾ, ಗಿಲ್ಬರ್ಟ್. ಆದ್ರೆ ಒಂದು ಮಾತು. ಬಂದರು ಸೇರೋತನಕ ಕೈ ಬಿಡೋ ಹಾಗಿಲ್ಲ. ನಿಮ್ಮಪ್ಪ ಬಿಟ್ಟಿರ್ಲಿಲ್ಲ."

ಬಟ್ಟೆ ಬದಲಾಯಿಸುವ ಕೋಣೆಯಿಂದ ಕಾವಲಿ ಬಂತು. ಅಷ್ಟರಲ್ಲಿ ಚೆಂಡೂ ಒದ್ದೆಯಾಗಿ ಮರಳಿತ್ತು. ಗಿಲ್ಬರ್ಟ್ ಕಾವಲಿಯನ್ನು ಎರಡೂ ಕೈಗಳಿಂದ ಎದೆಗೆ ಅವಚಿಕೊಂಡು ಗೆರೆಯ ಪಕ್ಕದಲ್ಲಿ ನಿಂತ, ಎಲ್ಲ ಆಟಗಾರರಿಗೂ ಕಾಣುವ ಹಾಗೆ. ಕೈ ಬೀಸುವ ಹಾಗಿಲ್ಲ, ಬೆರಳು ತೋರಿಸುವ ಹಾಗಿಲ್ಲ, ಮೂಗು ತುರಿಸಿದರೆ ಕೆರೆದುಕೊಳ್ಳುವ ಹಾಗಿಲ್ಲ. ಅವನು ಸುಮ್ಮನೆ ನಿಂತದ್ದನ್ನು ಊರು ಅದೇ ಮೊದಲು ನೋಡಿದ್ದು.

ಡ್ರಮ್‌ಬಾರಿನವರು ಕೂಗಿದರು. ನಮ್ಮವರು ರೋಲರಿನ ಕಡೆ ಅರ್ಧ ಹೆಜ್ಜೆ ಇಟ್ಟು ನಿಂತರು. ಕಣ್ಣುಗಳು ಗೆರೆಯ ಕಡೆ ಹೋದವು, ಅಲ್ಲಿ ಕಪ್ಪು ಕಾವಲಿ ಕಂಡಿತು, ಮತ್ತೆ ಚೆಂಡಿಗೆ ಬಂದವು. ಯಾರೂ ಓಡಲಿಲ್ಲ. ಅವರು ಮತ್ತೆ ಕೂಗಿದರು, ಗಂಟಲು ಒಡೆಯುವವರೆಗೂ ಕೂಗಿದರು. ಪ್ರತಿ ಕೂಗಿಗೂ ಗಿಲ್ಬರ್ಟ್ ತುಟಿ ಅಲುಗಿಸುತ್ತಿದ್ದ. ಎಲ್ಲರದ್ದೂ ಸೇರಿ, ಎಲ್ಲರದ್ದೂ ಸೇರಿ. ಕಾವಲಿ ತೂಕದ್ದು. ಅದು ಅವನ ಎದೆಯಿಂದ ಕೆಳಗೆ ಜಾರತೊಡಗಿತು. ಆಗ ರೋನಾ ಗೆರೆಯ ಬಳಿ ಬಂದು, ಕಾವಲಿಯ ಕೆಳಗೆ ತನ್ನ ಅಂಗೈ ಕೊಟ್ಟು ನಿಂತಳು.

"ನೀನು ನಂಬಲ್ವಲ್ಲ," ಎಂದ ಅವನು, ಅವಳ ಕಡೆ ನೋಡದೆ.

"ಚಿಲಕ ಹಾಕ್ತಿದೀನಿ," ಎಂದಳು.

ಕೊನೆಯ ಕಾರ್ನರ್. ಡ್ರಮ್‌ಬಾರಿನ ಮೂರು ಬಸ್ಸಿನ ಜನವೂ ಉಳಿದ ಉಸಿರನ್ನೆಲ್ಲ ಸೇರಿಸಿ ಆ ಹೆಸರನ್ನು ಎಸೆದರು. ಚೆಂಡು ಗಾಳಿಯಲ್ಲಿ ತೂಗಿ ಬಂತು. ಮ್ಯಾಗ್ನಸ್ ಗೆರೆಯ ಕಡೆ ನೋಡಲೂ ಇಲ್ಲ. ಎಲ್ಲರ ತಲೆಯ ಮೇಲೆ ಎದ್ದು, ಎರಡೂ ಕೈಗಳಿಂದ ಚೆಂಡನ್ನು ಹಿಡಿದು, ಎದೆಗೆ ಅವಚಿಕೊಂಡು ನೆಲಕ್ಕೆ ಬಿದ್ದ. ಗೆರೆಯ ಪಕ್ಕದಲ್ಲಿ ಗಿಲ್ಬರ್ಟ್ ನಿಂತಿದ್ದುದೂ ಹಾಗೆಯೇ. ರೆಫರಿ ಸಿಳ್ಳೆ ಊದಿದ.

ಜನ ಮೈದಾನಕ್ಕೆ ಇಳಿದರು. ಗಿಲ್ಬರ್ಟ್ ಮಾತ್ರ ನಿಂತಲ್ಲೇ ಇದ್ದ. ಬೆರಳುಗಳು ಮರಗಟ್ಟಿ ಕಾವಲಿಯ ಅಂಚಿಗೆ ಹಿಡಿದುಕೊಂಡುಬಿಟ್ಟಿದ್ದವು. ಲೂಯಿಸ್ ಬಂದು ಒಂದೊಂದೇ ಬೆರಳನ್ನು ಬಿಡಿಸಿದ.

"ಇನ್ನು ಬಿಡು ಯಜಮಾನ," ಎಂದ. "ಬಂದರು ಸೇರಿದ್ವಿ."

ಗಿಲ್ಬರ್ಟನ ಅಂಗಿಯ ಎದೆಯ ಮೇಲೆ ಮಸಿಯ ದೊಡ್ಡ ವೃತ್ತವೊಂದು ಮೂಡಿತ್ತು. ಬೆಥಿಯಾ ಅದನ್ನು ನೋಡಿ, ಈ ಕಲೆ ಹೋಗಲ್ಲ ಎಂದಳು. ಆಮೇಲೆ ಅವನ ಕೈಗೆ ಒಂದು ಪೈ ಕೊಟ್ಟಳು, ಪುಕ್ಕಟೆಯಾಗಿ.

ಸೋಮವಾರ ಬೆಳಿಗ್ಗೆ ರೋನಾ ಅಂಗಡಿಗೆ ಹೋದಳು. ಸರತಿಯಲ್ಲಿ ಅವಳ ಮುಂದೆ ಇದ್ದವರು ಅವಳನ್ನು ಕಂಡು ಅಭ್ಯಾಸದಂತೆ ತಕ್ಕಡಿಯ ಹತ್ತಿರ ಸರಿದು ನಿಂತರು.

"ಎರಡು ಡಬ್ಬಿ ಕೆಂಪು ಮೀನು ಕೊಡಿ," ಎಂದಳು ಅವಳು.

ಅಂಗಡಿಯವನು ಡಬ್ಬಿಗಳನ್ನು ಇಳಿಸಿ, ಕಾಗದದಲ್ಲಿ ಸುತ್ತುತ್ತ ಕೇಳಿದ: "ಗ್ಲಾಸ್ಗೋಗೆ ಹೊರಡೋದು ಯಾವಾಗ?"

"ಯಾರು ಹೊರಡ್ತಿರೋದು?" ಎಂದಳು ರೋನಾ. "ಒಂದು ಹೊಸ ಅಂಗಿನೂ ಕೊಡಿ. ಯಜಮಾನ್ರ ಅಳತೇದು."